ಗ್ರೂಪಲ್ಲಿ ಹಾಕಿದೀನಿ, ನೋಡ್ಕೊಳ್ಳಿ

ಈ ವಾಕ್ಯ ನಮ್ಮ ಕ್ಯಾಂಪಸ್ಸಲ್ಲಿ ದಿನಕ್ಕೆ ಎಷ್ಟು ಸಲ ಕೇಳ್ತೀವಿ ಅಂತ ಒಂದಿನ ಲೆಕ್ಕ ಇಟ್ಟು ನೋಡಿ. ಇಂಟರ್ನಲ್ಸ್ ಟೈಂಟೇಬಲ್, ಲ್ಯಾಬ್ ಬ್ಯಾಚ್ ಬದಲಾವಣೆ, ಫೀ ಕಟ್ಟೋ ಕೊನೆ ದಿನ, ಕಳೆದುಹೋದ ಕ್ಯಾಲ್ಕುಲೇಟರ್, ಯಾರದ್ದೋ ಹುಟ್ಟುಹಬ್ಬ, ಎಲ್ಲ ಒಂದೇ ಕಡೆ. ಹಾಕಿದವರ ಜವಾಬ್ದಾರಿ ಹಾಕಿದ ಕ್ಷಣಕ್ಕೇ ಮುಗೀತು. ಆಮೇಲೆ ನೋಡದೇ ಇದ್ದವರದ್ದೇ ತಪ್ಪು. ನಾನೂ ಹಾಗೇ ಅಂದ್ಕೊಂಡಿದ್ದೆ, ನಮ್ಮ ಆಯಿಯ ಶಾಲೆಯ ಒಬ್ಬ ಹುಡುಗನ ವಿಷಯ ಗೊತ್ತಾಗೋ ತನಕ.

ಆಯಿ ಅಂದ್ರೆ ನನ್ನ ಅಮ್ಮ. ನಮ್ಮ ಮನೆ ಹೊನ್ನಾವರದಲ್ಲಿ. ಅವಳು ಕುಮಟಾ ತಾಲ್ಲೂಕಿನ ಒಂದು ಸರಕಾರಿ ಹೈಸ್ಕೂಲಲ್ಲಿ ವಿಜ್ಞಾನ ಟೀಚರ್. ಬೆಳಿಗ್ಗೆ ಒಂದೇ ಬಸ್‌ಸ್ಟ್ಯಾಂಡಿಂದ ಅವಳು ಉತ್ತರಕ್ಕೆ ಹೋಗ್ತಾಳೆ, ನಾನು ದಕ್ಷಿಣಕ್ಕೆ, ಭಟ್ಕಳಕ್ಕೆ. ಅವಳಿಗೆ 51 ವರ್ಷ. ಈ ಲೇಖನ ಅವಳು ಆರ್‌ಎಸ್‌ಎಸ್ ಫೀಡ್ ಕಲಿತದ್ದರ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಕಂಪ್ಯೂಟರ್ ಸೈನ್ಸ್ ಓದ್ತಾ ಇರೋ ನಾವು ಅದನ್ನ ಯಾಕೆ ಕಲಿತಿಲ್ಲ ಅನ್ನೋದರ ಬಗ್ಗೆ. (ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅಂತ ನಂಬಿದೀನಿ.)

ಹುಡುಗನ ವಿಷಯ ಮೊದಲು. ಎನ್‌ಎಮ್‌ಎಮ್‌ಎಸ್ ಅಂತ ಕೇಂದ್ರ ಸರಕಾರದ ಒಂದು ಸ್ಕಾಲರ್‌ಶಿಪ್ ಇದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳು ಪರೀಕ್ಷೆ ಬರೀಬೇಕು. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷದ ಒಳಗಿರಬೇಕು. ಆಯ್ಕೆಯಾದ್ರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ನಮ್ಮಲ್ಲಿ ಕೆಲವರ ಫೋನಿನ ಬೆಲೆ ಅಷ್ಟಿರಬಹುದು. ಬೋಟಿಗೆ ಕೆಲಸಕ್ಕೆ ಹೋಗುವ ಅಪ್ಪನ ಮಗನಿಗೆ ಅದು ಪಿಯುಸಿ ಓದೋದಾ ಬೇಡವಾ ಅನ್ನೋ ಪ್ರಶ್ನೆ. ಮತ್ತೆ ಇದು ಎಂಟನೇ ಕ್ಲಾಸಲ್ಲಿ ಮಾತ್ರ ಬರೆಯೋ ಪರೀಕ್ಷೆ. ಆ ವರ್ಷ ತಪ್ಪಿತು ಅಂದ್ರೆ ತಪ್ಪಿತು, ಸಪ್ಲಿಮೆಂಟರಿ ಇಲ್ಲ.

ಆ ಸಲ ಅರ್ಜಿಯ ಸುತ್ತೋಲೆ ಬಂದಾಗ ಹೆಡ್ ಮಾಸ್ತರು ರಜೆಯಲ್ಲಿದ್ರು, ಆಯಿ ಇನ್‌ಚಾರ್ಜ್. ಸುತ್ತೋಲೆಯನ್ನ ಯಾರೋ ಫೋಟೋ ಹೊಡೆದು ಶಿಕ್ಷಕರ ಗ್ರೂಪಿಗೆ ರಾತ್ರಿ ಹಾಕಿದಾರೆ. ಅದೇ ದಿನ ಒಬ್ಬ ಮಾಸ್ತರರ ನಿವೃತ್ತಿ. ಬೆಳಗಾಗೋದ್ರೊಳಗೆ ಅದರ ಮೇಲೆ ಇನ್ನೂರು ಚಿಲ್ಲರೆ ಮೆಸೇಜು, ಎಲ್ಲ ಕೈಮುಗಿಯೋದು, ಹೂಗುಚ್ಛ, "ವಿಶ್ರಾಂತ ಜೀವನ ಸುಖಮಯವಾಗಿರಲಿ". ಆಯಿ ಮೇಲೆ ಮೇಲೆ ನೋಡಿ ತಾನೂ ಒಂದು ಹೂಗುಚ್ಛ ಹಾಕಿ ಮುಂದೆ ಹೋದ್ಲು. ಆ ಫೋಟೋ ಅವಳ ಕಣ್ಣಿಗೆ ಬಿದ್ದಿದ್ದು ಕೊನೆ ದಿನ ಕಳೆದು ಆರು ದಿನದ ಮೇಲೆ. ಓಡಾಡಿದ್ಲು, ಫೋನ್ ಮಾಡಿದ್ಲು. "ಗ್ರೂಪಲ್ಲಿ ಹಾಕಿದ್ವಲ್ಲ ಮೇಡಂ" ಅಂದ್ರು.

ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಹುಡುಗನ ಮುಖ ನೋಡೋಕಾಗಲ್ಲ ಅಂತ ಅಂದ್ಲು. ಪರೀಕ್ಷೆ ಬರೆದಿದ್ರೆ ಖಂಡಿತ ಆಯ್ಕೆ ಆಗ್ತಿದ್ದ ಅಂತ ನಾನು ಹೇಳೋಕೆ ಬರಲ್ಲ. ಆದ್ರೆ ಬರೆಯೋ ಅವಕಾಶವೇ ಅವನಿಗೆ ಸಿಗಲಿಲ್ಲ. ಅವನಿಗೆ ಇದು ಇವತ್ತಿಗೂ ಗೊತ್ತಿಲ್ಲ ಅನ್ಸತ್ತೆ. ಅದೇ ಆಯಿಗೆ ಜಾಸ್ತಿ ಚುಚ್ಚೋದು.

ಆಗ ನಾನು ಫಸ್ಟ್ ಇಯರ್. ಮಗಳು ಇಂಜಿನಿಯರಿಂಗ್ ಓದ್ತಾಳೆ ಅನ್ನೋ ಭರವಸೆಯಲ್ಲಿ ಆಯಿ ಕೇಳಿದ್ಲು, "ಕೂಸೇ, ಮುಖ್ಯವಾದ್ದು ಮಾತ್ರ ಬಪ್ಪ ಹಾಂಗೆ ಮಾಡಲೆ ಆಗ್ತಿಲ್ಯನೇ?" ಎರಡು ದಿನ ಹುಡುಕಿದ ಮೇಲೆ ನನಗೆ ಸಿಕ್ಕಿದ ಉತ್ತರ ನಾನು ಹುಟ್ಟೋದಕ್ಕಿಂತ ಹಳೇದು. "ಆರ್‌ಎಸ್‌ಎಸ್ ಹೇಳಿ ಒಂದಿದ್ದು" ಅಂದೆ. ಅವಳು ಗಾಬರಿಯಾಗಿ, "ಅದೆಲ್ಲ ಎಂಗೆ ಬ್ಯಾಡ ಮಾರಾಯ್ತಿ, ಆನು ಸರಕಾರಿ ನೌಕರಿಲಿ ಇದ್ದಿ!" ಅಂದ್ಲು. ರಿಯಲಿ ಸಿಂಪಲ್ ಸಿಂಡಿಕೇಶನ್ ಅಂತ ಬಿಡಿಸಿ ಹೇಳಬೇಕಾಯ್ತು. ಅವತ್ತಿಂದ ನಮ್ಮನೇಲಿ ಅದರ ಹೆಸರು ಬರೀ ಫೀಡು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಫೀಡ್ ಅಂದ್ರೆ ಒಂದು ಎಕ್ಸ್‌ಎಮ್‌ಎಲ್ ಫೈಲು, ಅಷ್ಟೇ. ವೆಬ್‌ಸೈಟು ತನ್ನಲ್ಲಿ ಹೊಸದಾಗಿ ಬಂದದ್ದರ ಪಟ್ಟಿಯನ್ನ ಅದರಲ್ಲಿ ಬರೆದಿಡತ್ತೆ. ಪ್ರತಿ ಐಟಂಗೆ ಶೀರ್ಷಿಕೆ, ಲಿಂಕು, ತಾರೀಖು, ಬೇಕಿದ್ರೆ ಸಾರಾಂಶ, ಜೊತೆಗೆ ಒಂದು ವಿಶಿಷ್ಟ ಗುರುತು. ನಮ್ಮ ಫೋನಲ್ಲಿರೋ ರೀಡರ್ ಆ್ಯಪ್ ಗಂಟೆಗೊಮ್ಮೆ ಹೋಗಿ ಆ ಫೈಲು ನೋಡಿ ಬರತ್ತೆ. ಗುರುತು ಹೊಸದಾಗಿದ್ರೆ ನಮಗೆ ತೋರಿಸತ್ತೆ. ಏನೂ ಬದಲಾಗಿಲ್ಲ ಅಂದ್ರೆ ಸರ್ವರ್ 304 ಅಂತ ಒಂದು ಚುಟುಕು ಉತ್ತರ ಕೊಟ್ಟು ಕಳಿಸಿದ್ರೆ ಮುಗೀತು, ಫೈಲು ಮತ್ತೆ ಇಳಿಸೋ ಖರ್ಚೂ ಇಲ್ಲ. ಲಾಗಿನ್ ಇಲ್ಲ, ನಮ್ಮ ಫೋನ್ ನಂಬರು ಯಾರಿಗೂ ಕೊಡಬೇಕಿಲ್ಲ. ಯಾವುದನ್ನ ಮೇಲೆ ತೋರಿಸಬೇಕು, ಯಾವುದನ್ನ ಮುಚ್ಚಿಡಬೇಕು ಅಂತ ನಡುವೆ ಕೂತು ತೀರ್ಮಾನ ಮಾಡೋ ಅಲ್ಗಾರಿದಂ ಇಲ್ಲ. ಬಂದದ್ದು ಬಂದ ಕ್ರಮದಲ್ಲಿ ಇರತ್ತೆ.

ಗ್ರೂಪು ಅಂದ್ರೆ ಬಸ್‌ಸ್ಟ್ಯಾಂಡಲ್ಲಿ "ಕುಮ್ಟಾ ಕುಮ್ಟಾ ಕುಮ್ಟಾ" ಅಂತ ಕೂಗೋದು. ಕೂಗಿದ ಹೊತ್ತಿಗೆ ನೀವು ಅಲ್ಲಿದ್ರೆ ಕೇಳತ್ತೆ. ಫೀಡು ಬಸ್‌ಸ್ಟ್ಯಾಂಡಿನ ಬೋರ್ಡು. ನೀವು ಚಾ ಕುಡಿದು ಬಂದು ನೋಡಿದ್ರೂ ಅದು ಅಲ್ಲೇ ಇರತ್ತೆ.

ಇದನ್ನ ಮಾಡಿದವರ ಕಥೆಯೂ ಚೆನ್ನಾಗಿದೆ. 1999ರ ಮಾರ್ಚಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಪೋರ್ಟಲ್ಲಿಗೋಸ್ಕರ ಮೊದಲ ಆವೃತ್ತಿ ತಂತು. ಮಾಡಿದವರು ರಾಮನಾಥನ್ ಗುಹಾ ಮತ್ತು ಡ್ಯಾನ್ ಲಿಬ್ಬಿ. ಗುಹಾ ಅವರು ಮದ್ರಾಸ್ ಐಐಟಿಯಲ್ಲಿ ಓದಿದ್ದು ಮೆಕ್ಯಾನಿಕಲ್. (ಮೆಕ್ ಬ್ರಾಂಚಿನ ಗೆಳೆಯರೇ, ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.) 2000ನೇ ಇಸವಿಯಲ್ಲಿ 1.0 ಆವೃತ್ತಿ ಬರೆದ ತಂಡದಲ್ಲಿ ಆ್ಯರನ್ ಸ್ವಾರ್ಟ್ಸ್ ಇದ್ದ. ಅವನಿಗಾಗ 14 ವರ್ಷ. 2002ರಲ್ಲಿ ಡೇವ್ ವೈನರ್ 2.0 ತಂದ, ಇವತ್ತಿಗೂ ಹೆಚ್ಚಾಗಿ ಬಳಕೆಯಲ್ಲಿ ಇರೋದು ಅದೇ. 2005ರಲ್ಲಿ ಗೂಗಲ್ ರೀಡರ್ ಬಂತು, ಜನ ಎಲ್ಲ ಅದಕ್ಕೇ ಹೋದ್ರು. 2013ರ ಜುಲೈ 1ಕ್ಕೆ ಗೂಗಲ್ ಅದನ್ನ ಮುಚ್ಚಿತು. ಆಗ ನಾನು ಎರಡನೇ ಕ್ಲಾಸು. ಆರ್‌ಎಸ್‌ಎಸ್ ಸತ್ತೇಹೋಯ್ತು ಅಂತ ಆಗ ಎಲ್ಲ ಹೇಳಿದ್ರಂತೆ. ಸತ್ತಿಲ್ಲ. ನೀವು ಕೇಳೋ ಪಾಡ್‌ಕಾಸ್ಟ್‌ಗಳು ಆ್ಯಪಿಂದ ಆ್ಯಪಿಗೆ ಹೋಗೋದು ಆರ್‌ಎಸ್‌ಎಸ್ ಮೇಲೆಯೇ. ಪ್ರತಿ ಯೂಟ್ಯೂಬ್ ಚಾನೆಲ್ಲಿಗೂ ಒಂದು ಫೀಡ್ ವಿಳಾಸ ಇದೆ, ಅವರು ಅದನ್ನ ಎದುರಿಗೆ ತೋರಿಸಲ್ಲ ಅಷ್ಟೇ.

ಆಯಿ ಕಂಪ್ಯೂಟರ್ ಗೊತ್ತಿಲ್ಲದವಳಲ್ಲ. 2011ರ ಸುಮಾರಿಗೆ ಕರ್ನಾಟಕದಲ್ಲಿ ಹೈಸ್ಕೂಲ್ ಶಿಕ್ಷಕರಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಶುರುವಾಯ್ತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆ ಜೊತೆ ಸೇರಿ ಮಾಡಿದ್ದು. ನಾನು ಎಲ್‌ಕೆಜಿಯಲ್ಲಿ ಎ ಫಾರ್ ಆ್ಯಪಲ್ ಬರೀತಿದ್ದ ಕಾಲಕ್ಕೆ ಅವಳು ತರಬೇತಿಯಲ್ಲಿ ಕೂತು ಉಬುಂಟು, ಜಿಯೋಜಿಬ್ರಾ ಕಲೀತಿದ್ಲು. ಆ ವೇದಿಕೆಯ ಶಿಕ್ಷಕರೇ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನಡೆಯೋದು ವಿಕಿಪೀಡಿಯಾದ ಸಾಫ್ಟ್‌ವೇರಾದ ಮೀಡಿಯಾವಿಕಿ ಮೇಲೆ. ಮೀಡಿಯಾವಿಕಿಯಲ್ಲಿ "ಇತ್ತೀಚಿನ ಬದಲಾವಣೆ" ಪುಟಕ್ಕೆ ಫೀಡ್ ಇರತ್ತೆ. ಹತ್ತು ವರ್ಷದಿಂದ ಆಗೊಮ್ಮೆ ಈಗೊಮ್ಮೆ ನೋಡ್ತಿದ್ದ ತಾಣಕ್ಕೆ ಫೀಡಿತ್ತು ಅಂತ ಗೊತ್ತಾದಾಗ ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು.

ಅವಳ ಫೋನಿಗೆ ಫೀಡರ್ ಅನ್ನೋ ಓಪನ್ ಸೋರ್ಸ್ ಆ್ಯಪ್ ಹಾಕಿಕೊಟ್ಟೆ. ಮೊದಲ ವಾರ ಪೂರ್ತಿ ಫೇಲ್. ಖುಷಿಯಲ್ಲಿ ಸಿಕ್ಕಿದ್ದೆಲ್ಲ ಸೇರಿಸಿದ್ಲು, ಮೂರು ನ್ಯೂಸ್ ಸೈಟು, ಅಡುಗೆ, ಆರೋಗ್ಯ, ಎಲ್ಲ. ನಾಲ್ಕು ದಿನಕ್ಕೆ ಓದದೇ ಉಳಿದದ್ದು ಒಂಬೈನೂರು. "ಇದೂ ಗ್ರೂಪಿನ ಹಾಂಗೇ ಆತಲೇ" ಅಂದ್ಲು. ನಾನೂ ಇಷ್ಟೇ ಇದರ ಹಣೆಬರಹ ಅಂದ್ಕೊಂಡೆ. ಆದ್ರೆ ಮಾರನೇ ದಿನ ಅವಳೇ ಕೂತು ಎಲ್ಲ ಅಳಿಸಿ ಒಂದು ಕಾನೂನು ಮಾಡಿದ್ಲು: ದಿನಕ್ಕೆ ಐದಕ್ಕಿಂತ ಜಾಸ್ತಿ ಬರೆಯೋರು ಬೇಡ. ನ್ಯೂಸ್ ಸೈಟು ಎಲ್ಲ ಹೊರಗೆ, ಪೇಪರು ಹೇಗೂ ಮನೆಗೆ ಬರತ್ತೆ. ಉಳಿದದ್ದು 17. ನಾನು ಓದಿದ ಯಾವ ಟ್ಯುಟೋರಿಯಲ್ಲೂ ಈ ಮಾತನ್ನ ಇಷ್ಟು ಚೆನ್ನಾಗಿ ಹೇಳಿಲ್ಲ. ಫೀಡಿನ ಉಪಯೋಗ ಜಾಸ್ತಿ ಬರೆಯೋರಿಗಲ್ಲ, ಅಪರೂಪಕ್ಕೆ ಬರೆಯೋರಿಗೆ. ತಿಂಗಳಿಗೊಂದು ಬರೆಯೋರ ಪುಟಕ್ಕೆ ದಿನಾ ಹೋಗಿ ನೋಡೋಕಾಗಲ್ಲ. ಫೀಡು ನಮ್ಮ ಪರವಾಗಿ ಕಾಯತ್ತೆ.

ಅವಳ ಹದಿನೇಳರಲ್ಲಿ ಕೆಲವು ಹೇಳ್ತೀನಿ. ಟಿ. ಜಿ. ಶ್ರೀನಿಧಿಯವರ ಇಜ್ಞಾನ, ಕನ್ನಡದಲ್ಲಿ ವಿಜ್ಞಾನ ತಂತ್ರಜ್ಞಾನ ಓದೋಕೆ. ಪ್ರಯೋಗ ತೋರಿಸೋ ಎರಡು ಯೂಟ್ಯೂಬ್ ಚಾನೆಲ್ಲು. ಒಂದು ಯಕ್ಷಗಾನದ ಚಾನೆಲ್ಲು, ಇದು ಶಾಲೆಗಲ್ಲ, ಅವಳಿಗೇ. ಯೂಟ್ಯೂಬ್ ತೆಗೆದ್ರೆ ಒಂದು ಪದ್ಯ ಕೇಳೋಕೆ ಹೋಗಿ ಒಂದು ತಾಸು ಇನ್ಯಾವುದೋ ವಿಡಿಯೋದಲ್ಲಿ ಕಳೀತಿತ್ತು. ಫೀಡಲ್ಲಿ ಹೊಸ ಪ್ರಸಂಗ ಬಂದದ್ದು ಗೊತ್ತಾಗತ್ತೆ, ಪಕ್ಕದಲ್ಲಿ ಕೈಹಿಡಿದು ಎಳೆಯೋರು ಯಾರೂ ಇಲ್ಲ. ರಾತ್ರಿ ಮನೆಯ ವೈಫೈಯಲ್ಲಿ ಲೇಖನಗಳು ಇಳಿದಿರತ್ತೆ. ಬೆಳಿಗ್ಗೆ ದಾರಿಯಲ್ಲಿ ಗುಡ್ಡದ ಹತ್ರ ನೆಟ್‌ವರ್ಕ್ ಹೋದ್ರೂ ಬಸ್ಸಲ್ಲಿ ಓದ್ತಾಳೆ. ಕುಮಟಾ ಮುಟ್ಟೋದ್ರೊಳಗೆ ಅವತ್ತಿನದ್ದು ಮುಗಿದಿರತ್ತೆ. ಮುಗಿಯೋದು ಅಂತ ಒಂದಿದೆ ನೋಡಿ ಇದರಲ್ಲಿ. ನಾವು ದಿನಾ ತೀಡೋ ಸ್ಕ್ರೀನಿಗೆ ಅದೇ ಇಲ್ಲ.

ಇನ್ನೊಂದು, ಮಳೆ. ನಮ್ಮ ಕಡೆ ಜುಲೈ ಬಂತು ಅಂದ್ರೆ "ನಾಳೆ ಶಾಲೆ ಕಾಲೇಜಿಗೆ ರಜೆ" ಅನ್ನೋ ಫಾರ್ವರ್ಡು ಮಳೆಗಿಂತ ಮೊದಲು ಬರತ್ತೆ. ಹಳೇ ವರ್ಷದ ಜಿಲ್ಲಾಧಿಕಾರಿ ಆದೇಶದ ಫೋಟೋ, ತಾರೀಖಿರೋ ಜಾಗ ಕತ್ತರಿಸಿರ್ತಾರೆ. ಕಾಲೇಜಲ್ಲಿ ನಮಗೆ ಇದು ತಮಾಷೆ, ನಂಬಿ ಮಲಗಿದ್ರೆ ಒಂದು ಅಟೆಂಡೆನ್ಸ್ ಹೋಯ್ತು. ಆದ್ರೆ 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದ ಮೇಲೆ, ಆ ಹೆದ್ದಾರಿಯಲ್ಲೇ ಓಡಾಡೋ ನಮಗೆ ಎಚ್ಚರಿಕೆ ಅನ್ನೋ ಶಬ್ದ ಬೇರೆ ಥರ ಕೇಳತ್ತೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ತಾಣ ಇದೆ. ಮಳೆ, ಗಾಳಿ, ಸಿಡಿಲಿನ ಎಚ್ಚರಿಕೆಗಳನ್ನ ಅದು ಆರ್‌ಎಸ್‌ಎಸ್ ಫೀಡಾಗಿಯೂ ಕೊಡತ್ತೆ. ಅಂದ್ರೆ ಜೀವದ ಪ್ರಶ್ನೆ ಬಂದಲ್ಲಿ ಸರಕಾರವೂ ಈ ಹಳೇ ಫೈಲನ್ನೇ ನಂಬಿದೆ. ಫಾರ್ವರ್ಡಿಗೆ ತಾರೀಖಿಲ್ಲ, ಮೂಲ ಇಲ್ಲ. ಫೀಡಿನ ಐಟಂಗೆ ಎರಡೂ ಇರತ್ತೆ. ನನಗೆ ದೊಡ್ಡ ವ್ಯತ್ಯಾಸ ಅನ್ಸೋದು ಇದು.

ಈಗ ನಿಜ ಹೇಳಬೇಕು. ಇಷ್ಟೆಲ್ಲ ಆದ್ರೂ ಆ ಹುಡುಗನ ಸುತ್ತೋಲೆ ಮಾತ್ರ ಫೀಡಲ್ಲಿ ಬರ್ತಿರಲಿಲ್ಲ. ಯಾಕಂದ್ರೆ ಅಂಥ ಸುತ್ತೋಲೆ ಹಾಕೋ ಪುಟಗಳಿಗೆ ಫೀಡೇ ಇಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಇರತ್ತೆ, ಎಷ್ಟೋ ಸಲ ಓರೆಯಾಗಿ. ಟೈಪ್ ಮಾಡಿದ್ದಾದ್ರೂ ಹಳೇ ಫಾಂಟು, ಕಾಪಿ ಮಾಡಿದ್ರೆ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರತ್ತೆ. ಹಾಗಾಗಿ ಕ್ರಿಸ್‌ಮಸ್ ರಜೆಯಲ್ಲಿ ನಾನೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಆರು ತಾಸಿಗೊಮ್ಮೆ ಅದು ಆ ಪುಟಕ್ಕೆ ಹೋಗತ್ತೆ, ಸುತ್ತೋಲೆಗಳ ಹೆಸರು ಲಿಂಕು ಎತ್ಕೊಳ್ಳತ್ತೆ, ಹೊಸದಿದ್ರೆ ಎಕ್ಸ್‌ಎಮ್‌ಎಲ್‌ಗೆ ಸೇರಿಸತ್ತೆ. ಗಿಟ್‌ಹಬ್ಬಲ್ಲಿ ಪುಕ್ಕಟೆ ಓಡ್ತಾ ಇದೆ. ಎಂಬತ್ತು ಸಾಲು, ಅದರಲ್ಲಿ ಮೂವತ್ತು ನಾನು ಹಾಕಿದ ಕಾಮೆಂಟು. ಇದೇ ಕೆಲಸ ಮಾಡೋ ಆರ್‌ಎಸ್‌ಎಸ್ ಬ್ರಿಡ್ಜ್ ಅನ್ನೋ ತಯಾರು ಸಾಫ್ಟ್‌ವೇರ್ ಇದೆ ಅಂತ ನನಗೆ ಆಮೇಲೆ ಗೊತ್ತಾಯ್ತು, ಇರಲಿ. ಆಯಿ ತನ್ನ ಜೊತೆಯ ಐದಾರು ಶಿಕ್ಷಕರಿಗೆ ಇದರ ವಿಳಾಸ ಕೊಟ್ಟಿದಾಳೆ. ಈ ವರ್ಷ ಎಂಟನೇ ಕ್ಲಾಸಿನ ಒಂಬತ್ತು ಮಕ್ಕಳ ಅರ್ಜಿ ಕೊನೆ ದಿನಕ್ಕೆ ಎರಡು ವಾರ ಮೊದಲೇ ಹೋಯ್ತು. ಹೋದ ವರ್ಷದ ಹುಡುಗ ಈಗ ಒಂಬತ್ತನೇ ಕ್ಲಾಸು.

ಕ್ಲಾಸಲ್ಲಿ ಇದನ್ನ ಹೇಳಿದಾಗ ಒಬ್ಬ ಗೆಳೆಯ ಅಂದ, "ಈ ಕಾಲದಲ್ಲಿ ಆರ್‌ಎಸ್‌ಎಸ್ಸಾ? ಒಂದು ಟೆಲಿಗ್ರಾಂ ಚಾನೆಲ್ ಮಾಡಿದ್ರೆ ಆಯ್ತಲ್ಲ." ಅವನ ಮಾತಲ್ಲಿ ಅರ್ಥ ಇದೆ. ಯಾರು ಬೇಕಾದ್ರೂ ಹೂಗುಚ್ಛ ಹಾಕೋ ಗ್ರೂಪಿಗಿಂತ ಒಬ್ಬರೇ ಹಾಕೋ ಚಾನೆಲ್ ಎಷ್ಟೋ ವಾಸಿ. ಆದ್ರೆ ಚಾನೆಲ್ ಸೇರಬೇಕು ಅಂದ್ರೆ ಆ ಕಂಪನಿಯಲ್ಲಿ ಅಕೌಂಟ್ ಬೇಕು. ಕಂಪನಿ ನಾಳೆ ನಿಯಮ ಬದಲಾಯಿಸಿದ್ರೆ ನಾವೂ ಬದಲಾಗಬೇಕು. ಗೂಗಲ್ ರೀಡರ್ ಮುಚ್ಚಿದಾಗ ಫೀಡುಗಳು ಮುಚ್ಚಲಿಲ್ಲ, ಜನ ಬೇರೆ ರೀಡರಿಗೆ ತಮ್ಮ ಪಟ್ಟಿ ತಗೊಂಡು ಹೋದ್ರು. ಚಾನೆಲ್ಲಿನ ಕಂಪನಿ ಮುಚ್ಚಿದ್ರೆ ಎಲ್ಲಿಗೆ ಹೋಗೋದು? ಹಾಂ, ಫೀಡಲ್ಲಿ ಡೌಟ್ ಕೇಳೋಕಾಗಲ್ಲ, ಅದು ಒಂದೇ ದಿಕ್ಕಿನ ದಾರಿ. ಡೌಟಿಗೆ ಗ್ರೂಪು ಬೇಕೇ ಬೇಕು. ಗ್ರೂಪ್ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಹರಟೆ ಮತ್ತು ನೋಟಿಸು ಒಂದೇ ಜಾಗದಲ್ಲಿ ಬೇಡ ಅಂತ ಹೇಳ್ತಿರೋದು.

ನಮ್ಮ ಕಾಲೇಜಲ್ಲೂ ಇದೇ ಕಥೆ ಅಲ್ವಾ? ಹಾಸ್ಟೆಲ್ಲಿನ ನನ್ನ ಗೆಳತಿಯೊಬ್ಬಳು ಡೇಟಾ ಪ್ಯಾಕ್ ಮುಗಿದು ಮೂರು ದಿನ ಆಫ್‌ಲೈನ್ ಇದ್ಲು. ಬಂದು ನೋಡಿದ್ರೆ ಗ್ರೂಪಲ್ಲಿ ನಾಲ್ಕುನೂರು ಮೆಸೇಜು, ಅದರ ಮಧ್ಯೆ ಎಲ್ಲೋ ಎಕ್ಸಾಮ್ ಫಾರ್ಮಿನ ಕೊನೆ ದಿನ. ದಂಡ ಕಟ್ಟಿದ್ಲು. ದಂಡದ ಮೊತ್ತಕ್ಕಿಂತ ಮನೇಲಿ ಅದನ್ನ ಹೇಳೋದು ಕಷ್ಟವಾಯ್ತು ಅಂದ್ಲು. ನಾವು ಎಚ್‌ಟಿಟಿಪಿ ಓದಿದೀವಿ, ಎಕ್ಸ್‌ಎಮ್‌ಎಲ್ ಮೇಲೆ ಐದು ಮಾರ್ಕಿನ ಪ್ರಶ್ನೆ ಬರೆದಿದೀವಿ. ಪ್ರಾಜೆಕ್ಟ್ ಏನ್ಮಾಡೋದು ಅಂದ್ರೆ ಸ್ಮಾರ್ಟ್ ಡಸ್ಟ್‌ಬಿನ್ ಅಂತೀವಿ. ನೋಟಿಸ್ ಬೋರ್ಡಿಗೆ ಒಂದು ಫೀಡ್ ಮಾಡೋದು ಒಂದು ಸಂಜೆಯ ಕೆಲಸ. ವೆಬ್‌ಸೈಟಲ್ಲಿ ನೋಟಿಸ್ ಹಾಕುವಾಗ ಜೊತೆಗೇ ಒಂದು ಐಟಂ ಬರೆದ್ರೆ ಆಯ್ತು, ಫೋಟೋ ಅಲ್ಲ, ಯುನಿಕೋಡಲ್ಲಿ. ಮಾಡಿಕೊಡ್ತೀನಿ ಅಂತ ಕೇಳಿದೀನಿ. "ಗ್ರೂಪ್ ಇದೆಯಲ್ಲಮ್ಮ" ಅನ್ನೋ ಉತ್ತರ ಬಂತು. ಮತ್ತೆ ಕೇಳ್ತೀನಿ. ಇದನ್ನ ಓದಿದ ನೀವೂ ನಾಲ್ಕು ಜನ ಬಂದು ಕೇಳಿದ್ರೆ ಬೇರೆ ಉತ್ತರ ಬರಬಹುದು. ನಮ್ಮ ಕನ್ನಡ ಸಂಘದಿಂದಲೇ ಶುರು ಮಾಡೋಣ ಅಂತ ಸಂಪಾದಕರಿಗೂ ಹೇಳಿದೀನಿ, ಅವರು ಹ್ಞೂಂ ಅಂದಿದಾರೆ. ನಾನು ಹ್ಞೂಂ ಅಂದದ್ದನ್ನ ಇಲ್ಲಿ ಬರೆದುಬಿಟ್ಟೆ.

ಇನ್ನೊಂದು ವಿಷಯ ಹೇಳಬೇಕು ಅಂತಿರಲಿಲ್ಲ, ಆದ್ರೂ. ಫೀಡ್ ರೀಡರುಗಳಲ್ಲಿ ಒಪಿಎಮ್‌ಎಲ್ ಅಂತ ಒಂದು ಫೈಲು ತೆಗೀಬಹುದು, ನಿಮ್ಮ ಪೂರ್ತಿ ಪಟ್ಟಿ ಅದರಲ್ಲಿರತ್ತೆ. ದೀಪಾವಳಿಗೆ ಆಯಿ ತನ್ನ ಫೈಲನ್ನ ನನಗೆ ಕಳಿಸಿದ್ಲು, ನಾನು ಇಂಪೋರ್ಟ್ ಮಾಡ್ಕೊಂಡೆ. ಹಾಗಾಗಿ ಈಗ ನಾವಿಬ್ಬರೂ ಬೆಳಿಗ್ಗೆ ಒಂದೇ ಪಟ್ಟಿ ಓದ್ತೀವಿ, ಅವಳು ಕುಮಟಾ ಬಸ್ಸಲ್ಲಿ, ನಾನು ಭಟ್ಕಳ ಬಸ್ಸಲ್ಲಿ. ಅದರಲ್ಲಿ ಮುಕ್ಕಾಲು ಕನ್ನಡ. ಮೊದಮೊದಲು ಒಂದು ಪ್ಯಾರಾ ಓದೋಕೆ ಮಂಕಿಯಿಂದ ಮುರುಡೇಶ್ವರ ಬರ್ತಿತ್ತು. ಈಗ ಒಂದು ಲೇಖನ ಆಗತ್ತೆ. ಶಾಲೇಲಿ ಹತ್ತು ವರ್ಷ ಕನ್ನಡವನ್ನ ಮಾರ್ಕಿಗೆ ಓದಿದವಳು ನಾನು. ಈ ಲೇಖನವನ್ನ ಕನ್ನಡದಲ್ಲೇ ಬರೀತೀನಿ ಅಂತ ಹೇಳೋ ಧೈರ್ಯ ಬಂದದ್ದು ಆ ಬಸ್ಸಲ್ಲಿ.

ಸ್ಕ್ರಿಪ್ಟು ಇಲ್ಲಿಯ ತನಕ ಮೂರು ಸಲ ಮುರಿದು ಬಿದ್ದಿದೆ. ಆ ಪುಟದವರು ಡಿಸೈನ್ ಬದಲಾಯಿಸಿದ್ರೆ ನನ್ನ ಕೋಡಿಗೆ ಕಣ್ಣು ಕಾಣಲ್ಲ. ಮೊನ್ನೆ ಇಂಟರ್ನಲ್ಸ್ ಹಿಂದಿನ ದಿನ ನಾನು ಊಟದ ತಟ್ಟೆ ಮುಂದೆ ಡೇಟಾ ಸ್ಟ್ರಕ್ಚರ್ಸ್ ನೋಟ್ಸ್ ಇಟ್ಕೊಂಡು ಕೂತಿದ್ದೆ. ಒಳಗಿಂದ ಆಯಿ ಫೋನ್ ಹಿಡ್ಕೊಂಡು ಬಂದ್ಲು. "ಕೂಸೇ, ಎರಡು ದಿನ ಆತು, ನಿನ್ ಫೀಡು ಬತ್ತಾ ಇಲ್ಲೆ. ಪರೀಕ್ಷೆ ಇದ್ದು ಹೇಳಿ ಗೊತ್ತಿದ್ದು. ಆದ್ರೂ ಒಂಚೂರು ನೋಡೇ."

ನೋಟ್ಸ್ ಮುಚ್ಚಿಟ್ಟು ಲ್ಯಾಪ್‌ಟಾಪ್ ತೆಗೆದೆ.